ಜಗುಲಿ ಕೊಟ್ಟು ಬಾವಿ ಉಳಿಸಿಕೊಂಡ ಬೇಸಿಗೆ

ಹಲಸಿನ ಹಪ್ಪಳ ಒತ್ತುತ್ತಾ ಕೂತಿದ್ದೆ, ಆಗ ಎದುರಿನ ಬಾವಿ ಮುಚ್ಚುತ್ತಾರೆ ಅನ್ನುವ ಸುದ್ದಿ ಬಂತು.

ಹಪ್ಪಳದ ಕೆಲಸ ನಡುವೆ ಬಿಟ್ಟು ಏಳುವಂಥದ್ದಲ್ಲ. ಬೇಯಿಸಿ ರುಬ್ಬಿದ ಹಲಸಿನ ಹಿಟ್ಟು ಆರಿದರೆ ಅಂಚು ಬಿರಿಯುತ್ತದೆ. ಎಣ್ಣೆ ಸವರಿದ ಹಾಳೆಯ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತುವುದು, ಬಿಡಿಸಿ ಜಗುಲಿಯ ಚಾಪೆಗೆ ಹಾಕುವುದು. ನಮ್ಮ ಜಗುಲಿ ಸೂರಿನಿಂದ ಆಚೆಗೂ ಚಾಚಿಕೊಂಡಿದ್ದ ಕಲ್ಲಿನ ಜಗುಲಿ. ಬೆಳಗಿನ ಬಿಸಿಲು ಮೊದಲು ಬೀಳುತ್ತಿದ್ದದ್ದು ಅಲ್ಲಿಗೇ. ಇಡೀ ಬೀದಿಯ ಹಪ್ಪಳ ಸಂಡಿಗೆ ಅಲ್ಲೇ ಒಣಗುತ್ತಿತ್ತು. ಈಗಲೂ ಯಾರದಾದರೂ ಮನೆಯಲ್ಲಿ ಹಲಸಿನ ಸೊಳೆ ಬೇಯುವ ವಾಸನೆ ಬಂದರೆ ಸಾಕು, ನನಗೆ ಆ ಬೇಸಿಗೆಯೇ ಎದುರು ಬಂದು ನಿಲ್ಲುತ್ತದೆ.

ಸುದ್ದಿ ತಂದವಳು ಪಕ್ಕದ ಮನೆ ಶಾಂತಕ್ಕ. ತನ್ನ ಮನೆ ಮುಂದೆಯೇ ತಗಡು ಇಳಿಸಿಕೊಂಡು ಹೂವಿನ ಅಂಗಡಿ ಇಟ್ಟಿದ್ದಳು. ಕಟ್ಟುತ್ತಿದ್ದ ಸೇವಂತಿಗೆ ದಂಡೆ ಕೈಯಲ್ಲಿ ಹಿಡಿದುಕೊಂಡೇ ಓಡಿಬಂದಳು.

"ಸಾವಿತ್ರೀ, ಕೇಳ್ದೇನೇ? ರಸ್ತೆ ಅಳತೆಯವರು ಬಂದು ಹೋದ್ರು. ನಮ್ಮ ಸಾಲು ಬಚಾವು ಮಾರಾಯ್ತಿ! ಒಂದು ಇಟ್ಟಿಗೆನೂ ಮುಟ್ಟಲ್ಲಂತೆ. ಅಗಲ ಮಾಡೋದೆಲ್ಲ ಆ ಕಡೆಗೇ ಅಂತೆ."

"ಆ ಕಡೆ ಬಾವಿ ಇದೆಯಲ್ಲೇ."

"ಅದನ್ನ ಮುಚ್ತಾರಂತೆ. ಹಾಳುಬಾವಿ, ಹೋದ್ರೆ ಹೋಗ್ಲಿ. ಯಾರ ಮನೆನೂ ಹೋಗ್ದೆ ರಸ್ತೆ ಆಗುತ್ತಲ್ಲ, ದೇವರು ದೊಡ್ಡವನು."

ಅವಳು ಹೇಳಿದ್ದು ಸರಿಯೇ. ಮನೆ ಉಳಿಯಿತು ಅಂದರೆ ಕೈ ಮುಗಿಯಬೇಕಾದ ಸುದ್ದಿ. ಎಣ್ಣೆ ಕೈಯಲ್ಲೇ ಮುಗಿದೆ ಕೂಡ. ಆದರೆ ಬಿಡಿಸುತ್ತಿದ್ದ ಹಪ್ಪಳ ಹರಿದುಹೋಯಿತು. ಯಾಕೆ ಅಂತ ಶಾಂತಕ್ಕನಿಗೆ ಗೊತ್ತಿರಲಿಲ್ಲ. ಆ ಬಾವಿಯ ಹತ್ತಿರ ನಾನೊಂದು ಮಾತು ಕೊಟ್ಟಿದ್ದೆ.

ನಮ್ಮೂರು ಬಾವಿಕಟ್ಟೆ. ನಕ್ಷೆಯಲ್ಲಿ ಹುಡುಕಬೇಡಿ, ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕೇಳಿ. "ಬಾವಿಕಟ್ಟೆ ಯಾರ್ರೀ, ಮುಂದೆ ಬರ್ರೀ" ಅಂತ ಕಂಡಕ್ಟರ್ ಕೂಗುತ್ತಾನೆ. ಶಿಕಾರಿಪುರದವರು ನಮ್ಮನ್ನು ಮಲೆನಾಡಿನವರು ಅನ್ನುತ್ತಾರೆ, ಸೊರಬದವರು ಬಯಲುಸೀಮೆಯವರು ಅನ್ನುತ್ತಾರೆ. ಎರಡು ಕಡೆಯವರೂ ಬಿಟ್ಟುಕೊಟ್ಟ ಊರು ನಮ್ಮದು.

ನಮ್ಮ ಅತ್ತೆ ಹೇಳುತ್ತಿದ್ದ ಪ್ರಕಾರ ಮೊದಲು ಇಲ್ಲಿ ಊರೇ ಇರಲಿಲ್ಲ, ಬಾವಿ ಮಾತ್ರ ಇತ್ತು. ಭತ್ತದ ಗಾಡಿಯವರು ಸಂತೆಗೆ ಹೋಗುವಾಗ ಎತ್ತಿಗೆ ನೀರು ಕುಡಿಸಲು ಇಲ್ಲಿ ನೊಗ ಬಿಚ್ಚುತ್ತಿದ್ದರಂತೆ. ಎತ್ತು ನೀರು ಕುಡಿದರೆ ಗಾಡಿಯವನಿಗೆ ಹಸಿವಾಗುತ್ತದಲ್ಲ, ಯಾರೋ ಒಬ್ಬಳು ಅವಲಕ್ಕಿ ಮಜ್ಜಿಗೆ ಇಟ್ಟುಕೊಂಡು ಕೂತಳು. ಅವಳ ಗುಡಿಸಲೇ ಮೊದಲ ಮನೆ. ಆಮೇಲೆ ಎತ್ತಿಗೆ ಲಾಳ ಹೊಡೆಯುವವರು ಬಂದರು. ಬಾವಿಯ ಬೆನ್ನಿಗೆ ಅಕ್ಕಿ ಗಿರಣಿ ಬಂತು. ಗಿರಣಿಗೆ ಕೆಲಸದವರು, ಅವರ ಮಕ್ಕಳಿಗೆ ಶಾಲೆ, ಶಾಲೆಗೆ ಮೇಷ್ಟರು, ಮೇಷ್ಟರಿಗೆ ಬಾಡಿಗೆ ಮನೆ. ಹೀಗೆ ಒಂದರ ಸೆರಗು ಹಿಡಿದು ಇನ್ನೊಂದು ಬಂದು ಊರಾಯಿತು.

ನಾನು ಕುಪ್ಪಗಡ್ಡೆಯಿಂದ ಮದುವೆಯಾಗಿ ಬಂದಾಗ ಬಸ್ಸು ಬಾವಿಯ ಎದುರೇ ನಿಲ್ಲುತ್ತಿತ್ತು. ಇಳಿದ ಮದುಮಗಳು ಮೊದಲು ಬಾವಿಗೆ ಅರಿಶಿನ ಕುಂಕುಮ ಹಚ್ಚಿ ಒಂದು ಕೊಡ ನೀರು ಸೇದಿ, ಆ ನೀರಿನ ಸಮೇತ ಹೊಸಿಲು ದಾಟಬೇಕು. ಹೆರಿಗೆಯಾದ ಮೇಲೂ ಅಷ್ಟೇ. ಬಾಣಂತಿ ಮಗುವಿನ ಸಮೇತ ಬಂದು ಗಂಗೆ ಪೂಜೆ ಮಾಡಿ ಮೊದಲ ಕೊಡ ಸೇದುವವರೆಗೆ ಅಡುಗೆಮನೆಯ ನೀರು ಮುಟ್ಟುವ ಹಾಗಿಲ್ಲ. ಮಗುವಿಗೂ ಬಾವಿ ತೋರಿಸಬೇಕು. "ನೋಡು, ನಿನ್ನ ಊರು ಇಲ್ಲಿಂದ ಶುರು" ಅಂತ ಅತ್ತೆ ನನ್ನ ಮಗಳು ಸುಮಾಗೆ ತೋರಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ಮೇಲ್ಟ್ಯಾಂಕು ಬಂತು, ಮನೆಮನೆಗೆ ನಲ್ಲಿ ಬಂತು. ಬ್ಯಾಂಕು, ಬೇಕರಿ, ಪೆಟ್ರೋಲ್ ಬಂಕು, ಕಲ್ಯಾಣ ಮಂಟಪ ಎಲ್ಲ ಬಂದವು. ಸುತ್ತಲಿನ ಹಳ್ಳಿಯವರು "ಪ್ಯಾಟಿಗೆ ಹೋಗಿ ಬರ್ತೀವಿ" ಅಂತ ನಮ್ಮೂರಿಗೇ ಬರುವ ಹಾಗಾಯಿತು. ಬಾವಿಯ ಹಗ್ಗ ಹರಿದಿದ್ದು ಯಾವಾಗ ಅಂತ ಯಾರಿಗೂ ತಿಳಿಯಲಿಲ್ಲ. ನೀರು ಕೆಟ್ಟಿತು, ನಾತ ಹೊಡೆಯಲು ಶುರುವಾಯಿತು. ಮಕ್ಕಳು ಮೂಗು ಮುಚ್ಚಿಕೊಂಡು ಅದರ ಪಕ್ಕ ಓಡುತ್ತಿದ್ದವು.

ಊರು ಬೆಳೆಯಿತು, ರಸ್ತೆ ಬೆಳೆಯಲಿಲ್ಲ. ಬಾವಿಯ ಎದುರು ರಸ್ತೆ ಕುತ್ತಿಗೆ ಹಿಸುಕಿದ ಹಾಗೆ ಇತ್ತು. ಸುಮಾಗೆ ಮೊದಲ ಬಸಿರಿನಲ್ಲಿ ದಿನ ತುಂಬುವ ಮೊದಲೇ ನೋವು ಬಂದಾಗ ಶಿಕಾರಿಪುರದ ಆಸ್ಪತ್ರೆಗೆ ಹೊರಟ ಕಾರು ಅದೇ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿತು. ಮುಂದೆ ಹುಲ್ಲಿನ ಟ್ರ್ಯಾಕ್ಟರು, ಹಿಂದೆ ಜೋಳದ ಲಾರಿ. ಸುಮಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಹಲ್ಲು ಕಚ್ಚಿಕೊಂಡಿದ್ದಳು. ನಮ್ಮನೆಯವರು ಇಳಿದು ಎಲ್ಲರಿಗೂ ಕೈ ಮುಗಿದು ದಾರಿ ಮಾಡಿಸಿದರು. ಮಗು ಉಳಿಯಲಿಲ್ಲ. ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು. ಅವರ ಮಾತು ನಂಬಿದೆ. ಆದರೂ ಆ ಟ್ರ್ಯಾಕ್ಟರಿನ ಹುಲ್ಲು ಈಗಲೂ ಕಣ್ಣ ಮುಂದಿದೆ. ಮಗಳು ಉಳಿದಳಲ್ಲ, ಅದು ಶಿಕಾರಿಪುರದ ಹುಚ್ಚರಾಯಸ್ವಾಮಿಯ ದಯೆ.

ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ನಾನು ನಾತ ಹೊಡೆಯುವ ಆ ಬಾವಿಯ ಹತ್ತಿರ ಹೋಗಿ ನಿಂತೆ. "ತಾಯೀ, ಮುಂದಿನ ಸಲ ಸುಮಾ ಮಗು ಎತ್ತಿಕೊಂಡು ಬಂದು ನಿನ್ನ ನೀರು ಸೇದಲಿ. ಆ ಮೊದಲ ಕೊಡದ ನೀರಿನಲ್ಲೇ ಮಗುವನ್ನ ಮೀಯಿಸ್ತೀನಿ" ಅಂದೆ. ಅಂಥ ನೀರಿನಲ್ಲಿ ಮಗುವನ್ನು ಹೇಗೆ ಮೀಯಿಸುವುದು ಅಂತ ಆಗ ಯೋಚಿಸಲಿಲ್ಲ. ಹರಕೆ ಹೊರುವಾಗ ಯಾರು ಅಷ್ಟು ಯೋಚಿಸುತ್ತಾರೆ?

ಈಗ ಸುಮಾಗೆ ಮತ್ತೆ ದಿನ ತುಂಬುತ್ತಿತ್ತು. ಸೊರಬದ ಶಾಲೆಯಲ್ಲಿ ಟೀಚರ್ ಆಗಿದ್ದವಳು ರಜೆ ಹಾಕಿ ಹೆರಿಗೆಗೆ ನಮ್ಮನೆಗೆ ಬಂದಿದ್ದಳು. ಮಳೆಗಾಲ ಹಿಡಿಯುವಾಗ ಹೆರಿಗೆ ಅಂದಿದ್ದರು. ರಸ್ತೆಯವರು ಮಳೆಗಾಲದ ಒಳಗೇ ಬಾವಿ ಮುಚ್ಚುವವರಿದ್ದರು.

ಹರಕೆಯ ವಿಷಯ ಅವಳಿಗೆ ಸುದ್ದಿ ಬಂದ ದಿನವೇ ಹೇಳಿದೆ. ಅವಳು ನಕ್ಕಳು. "ಅಮ್ಮಾ, ಈಗ ಎಲ್ಲರೂ ನಲ್ಲಿಗೇ ಕುಂಕುಮ ಹಚ್ಚಿ ಗಂಗೆ ಪೂಜೆ ಮಾಡ್ತಾರೆ. ನಿನ್ನ ಗಂಗೆಗೆ ಪೈಪಲ್ಲಿ ಬರೋಕೆ ಬೇಜಾರಿಲ್ಲ, ನಿನಗ್ಯಾಕೆ?"

"ನಾನು ಮಾತು ಕೊಟ್ಟಿದ್ದು ಪೈಪಿಗಲ್ಲ ಕಣೇ."

ಮರುದಿನ ಅಳತೆಯವರು ಮತ್ತೆ ಬಂದಿದ್ದಾರೆ ಅಂತ ಗೊತ್ತಾಗಿ ಸೆರಗು ಸಿಕ್ಕಿಸಿಕೊಂಡು ಹೋದೆ. ಇಂಜಿನಿಯರ್ ಅಂದರೆ ಮೀಸೆಯವರು ಇರುತ್ತಾರೆ ಅಂದುಕೊಂಡಿದ್ದೆ. ನೋಡಿದರೆ ತಲೆಗೆ ಟೋಪಿ ಹಾಕಿಕೊಂಡ ಹುಡುಗಿ, ನಮ್ಮ ಸುಮಾಗಿಂತ ಚಿಕ್ಕವಳು. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಬಾವಿ ಬಿಟ್ಟು ರಸ್ತೆ ಮಾಡೋಕೆ ಆಗಲ್ವೇನಮ್ಮಾ?"

"ಪಾಳುಬಾವಿ ಅಲ್ವಾ ಆಂಟಿ ಇದು? ನಾನು ಹಾಗೇ ತೋರಿಸಿದ್ದೀನಿ. ಜನ ಬಳಸೋ ಬಾವಿ ಆಗಿದ್ರೆ ಬೇರೆ ಮಾತು. ಮೇಲಿನವರಿಗೆ ಬರೆದು ಕೇಳಬಹುದಿತ್ತು."

"ಬಳಸಿದರೆ ಬರೀತೀಯಾ?"

ಅವಳು ಬಾವಿಯೊಳಗೆ ಬಗ್ಗಿ ನೋಡಿ ದುಪಟ್ಟಾ ಮೂಗಿಗೆ ಹಿಡಿದಳು. "ಇದನ್ನ ಯಾರು ಬಳಸ್ತಾರೆ ಆಂಟಿ?"

"ನೀನು ಮುಂದಿನ ಸಲ ಬಾ. ನೀರು ಕೊಡ್ತೀನಿ" ಅಂದೆ.

ಅಂದದ್ದೇನೋ ಅಂದುಬಿಟ್ಟೆ. ಮನೆಗೆ ಬಂದವಳೇ ಗಂಡನ ಮುಂದೆ ಹೇಳಿದೆ. ನಮ್ಮನೆಯವರು ಸೊಸೈಟಿಯಲ್ಲಿ ಗುಮಾಸ್ತರು, ಊರ ವಿಷಯಕ್ಕೆ ತಲೆ ಹಾಕುವವರಲ್ಲ. "ರಸ್ತೆ ಬೇಡ ಅಂತೀಯಾ? ಅವತ್ತಿನದು ಮರೆತೆಯಾ?" ಅಂದರು.

"ಮರೆತಿಲ್ಲ ರೀ. ರಸ್ತೆನೂ ಬೇಕು, ಬಾವಿನೂ ಬೇಕು."

"ಎರಡೂ ಬೇಕು ಅಂದ್ರೆ ಹ್ಯಾಗೆ?"

"ಅದು ನನಗೂ ಗೊತ್ತಿಲ್ಲ. ಮೊದಲು ಬಾವಿ ತೊಳೀತೀನಿ."

ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಹಿರಿಯರು ಗೌರಜ್ಜಿ. ಹೊನ್ನಾಳಿ ಕಡೆಯಿಂದ ಸೊಸೆಯಾಗಿ ಬಂದವರು, ಮಾತಿನಲ್ಲಿ ಆ ಕಡೆಯ ಧಾಟಿ ಇನ್ನೂ ಹೋಗಿಲ್ಲ. ಅವರ ಹತ್ತಿರ ಹೋಗಿ ಹರಕೆ ವಿಷಯ ಹೇಳಿದೆ. ಎಲೆಅಡಿಕೆ ಕುಟ್ಟುತ್ತಾ ಕೇಳಿಸಿಕೊಂಡರು.

"ಜೀವಂತ ಬಾವಿಗೆ ಮಣ್ಣು ಹಾಕೋ ಕೈ ಈ ಊರಾಗ ಇಲ್ಲ ತಂಗಿ. ಅದು ಸತ್ತೈತಿ ಅಂತ ತಿಳಕೊಂಡಾರ, ಅದಕ್ಕ ಸುಮ್ಮನದಾರ. ಉಸಿರು ಐತಿ ಅಂತ ತೋರಿಸ್ರಿ, ಆಮ್ಯಾಲ ನೋಡು." ಅಂದವರೇ ಮನೆಮನೆಗೆ ಹೋಗಿ ನಮ್ಮ ಬೀದಿಯ ಮಹಿಳಾ ಸಂಘದವರನ್ನೆಲ್ಲ ಎಬ್ಬಿಸಿದರು. ಬರುವುದಿಲ್ಲ ಅಂದವರ ಬಾಗಿಲಲ್ಲಿ ಕೂತೇಬಿಟ್ಟರು. ಅಜ್ಜಿ ಕೂತರೆ ಕಾಫಿ ಕೊಡಬೇಕು, ಕಥೆ ಕೇಳಬೇಕು. ಅದಕ್ಕಿಂತ ಬಾವಿಯೇ ಸುಲಭ ಅಂತ ಎಲ್ಲರೂ ಬಂದರು.

ಬೇಸಿಗೆಯ ಕೊನೆ, ನೀರು ತಳ ಹಿಡಿದಿತ್ತು. ಬಾವಿ ತೊಳೆಯಲು ಅದೇ ಕಾಲ. ನಮ್ಮ ಗದ್ದೆಯ ಮೋಟಾರು ತಂದು ಕೊಳೆನೀರು ಹೊರಗೆ ಹಾಕಿಸಿದೆವು. ಸೊರಬದ ಕಡೆಯಿಂದ ಬಾವಿ ಇಳಿಯುವ ಅಣ್ಣತಮ್ಮಂದಿರನ್ನು ಕರೆಸಿದೆವು. ಅವರು ಮೊದಲು ದೀಪ ಕಟ್ಟಿ ಇಳಿಬಿಟ್ಟರು. ಕೆಟ್ಟ ಗಾಳಿ ಇದ್ದರೆ ದೀಪ ಆರುತ್ತದೆ. ಆರಲಿಲ್ಲ. ದೀಪ ತಳದವರೆಗೆ ಹೋಗಿ ಅಲ್ಲೇ ಉರಿಯುತ್ತಾ ನಿಂತಾಗ ಗೌರಜ್ಜಿ ನನ್ನ ಕೈ ಹಿಡಿದುಕೊಂಡರು.

ಅಣ್ಣತಮ್ಮಂದಿರು ಕೆಳಗಿಳಿದು ಬುಟ್ಟಿ ತುಂಬುತ್ತಿದ್ದರು, ನಾವು ಮೇಲೆ ರಾಟೆಯಲ್ಲಿ ಎಳೆಯುತ್ತಿದ್ದೆವು. ಮೊದಲು ಬಂದದ್ದು ಹೂಳಲ್ಲ, ದೇವರು.

ಗಾಜು ಒಡೆದ ಲಕ್ಷ್ಮಿ ಪಟ, ಚೌಕಟ್ಟು ಬಿಟ್ಟ ವೆಂಕಟರಮಣ, ಹಳೇ ಕ್ಯಾಲೆಂಡರಿನ ಸರಸ್ವತಿ, ಬಣ್ಣ ಹೋದ ಗಣಪತಿಗಳು, ಪ್ಲಾಸ್ಟಿಕ್ ಚೀಲ ತುಂಬಾ ಪೂಜೆಯ ಹೂವು, ಕಳಶದ ಕಾಯಿ, ಕಂಕಣದ ದಾರ. ಬುಟ್ಟಿಯ ಮೇಲೆ ಬುಟ್ಟಿ. ನಮ್ಮಲ್ಲಿ ಯಾರೂ ದೇವರ ಪಟ ತಿಪ್ಪೆಗೆ ಹಾಕುವುದಿಲ್ಲ. ಹಳತಾದರೆ ಕಾಲಿಗೆ ಸಿಗದ ಹಾಗೆ ನೀರಿಗೆ ಬಿಡಬೇಕು. ಹೊಳೆ ದೂರ, ಬಾವಿ ಹತ್ತಿರ. ಕಸ ಹಾಕಿದರೆ ಪಾಪ ಬರುತ್ತದೆ ಅಂತ ಒಂದು ಕಾಗದದ ಚೂರೂ ಹಾಕದ ನಾವೇ ಭಕ್ತಿಯಿಂದ ತಂದು ತಂದು ಹಾಕಿ ಗಂಗೆಯ ಉಸಿರು ಕಟ್ಟಿಸಿದ್ದೆವು.

ಶಾಂತಕ್ಕ ಒಂದು ಪಟ ಎತ್ತಿ ಕೆಸರು ಒರೆಸಿದಳು. "ಇದು ನಿಮ್ಮನೆ ಲಕ್ಷ್ಮಿ ಅಲ್ವೇನೇ ಸಾವಿತ್ರೀ? ಈ ಜರಿ ಅಂಚು ನೀನೇ ಅಂಟಿಸಿದ್ದು."

"ಹೌದೇ. ಅದರ ಕೆಳಗೆ ನಿನ್ನ ಹೂವಿನಂಗಡಿಯ ಚೀಲ ಇದೆ, ಅದನ್ನೂ ನೋಡು."

ಎಲ್ಲರೂ ನಕ್ಕರು. ಒಬ್ಬರ ದೇವರನ್ನು ಇನ್ನೊಬ್ಬರು ಗುರುತು ಹಿಡಿಯುವುದೇ ಒಂದು ಆಟವಾಯಿತು. ನಗುವಿನ ಮಧ್ಯೆಯೇ ಕೆಳಗಿನಿಂದ ಒಂದು ತಾಮ್ರದ ಚೊಂಬು ಬಂತು, ಹಸಿರು ಕಿಲುಬು ಹಿಡಿದದ್ದು. ಗೌರಜ್ಜಿ ಅದರ ಕಂಠ ಮುಟ್ಟಿ ನೋಡಿ ಕೂತುಬಿಟ್ಟರು.

"ಯವ್ವಾ, ಇದು ನನ್ನ ತವರಿನ ಚೊಂಬು! ನಮ್ಮ ಓರಗಿತ್ತಿ ಕದ್ದಾಳಂತ ಆಕಿ ಸಾಯೋತನಕ ಮಾತು ಬಿಟ್ಟಿದ್ನಲ್ಲ."

"ಈಗ ಏನ್ಮಾಡ್ತೀರಿ ಅಜ್ಜಿ?"

"ಏನ್ ಮಾಡ್ಲಿ? ಮ್ಯಾಲೆ ಹೋದ್ಮ್ಯಾಲ ಮೊದಲು ಆಕೀನ್ನ ಹುಡುಕಿ ತಪ್ಪಾತು ಅಂತೀನಿ. ಸ್ವರ್ಗದಾಗ ಇರಲಿಲ್ಲಂದ್ರ ನರಕಕ್ಕ ಹೋಗಿ ಹೇಳಿ ಬರ್ತೀನಿ." ಎಲ್ಲರೂ ನಕ್ಕೆವು. ಅಜ್ಜಿ ನಗಲಿಲ್ಲ, ಚೊಂಬನ್ನು ಸೆರಗಿನಲ್ಲಿ ಸುತ್ತಿಕೊಂಡರು.

ದೇವರ ಪಟಗಳನ್ನು ಏನು ಮಾಡುವುದು ಅಂತ ದೊಡ್ಡ ಚರ್ಚೆ ನಡೆಯಿತು. ಕೊನೆಗೆ ದೇವಸ್ಥಾನದ ಭಟ್ಟರು ಗಾಜು ಬೇರೆ ಮಾಡಿ ಉಳಿದದ್ದನ್ನು ಅಗ್ನಿಗೆ ಕೊಡಿ ಅಂದರು. ಕೈಮುಗಿದು ಸುಟ್ಟೆವು. ಅವತ್ತಿನಿಂದ ನಮ್ಮ ಬೀದಿಯಲ್ಲಿ ಹಳೇ ಪಟಕ್ಕೆ ಅಗ್ನಿಯೇ ಗತಿ.

ಹೂಳು ತೆಗೆದು ಮುಗಿದ ಮರುದಿನ ಬೆಳಿಗ್ಗೆ ಎದ್ದವಳೇ ಮುಖ ತೊಳೆಯದೆ ಬಾವಿಗೆ ಹೋದೆ. ತಳದಲ್ಲಿ ಆಕಾಶ ಕಾಣುತ್ತಿತ್ತು. ಸೆಲೆ ಒಡೆದು ಹೊಸ ನೀರು ಬಂದಿತ್ತು. ನಾನು ಎಲ್ಲರನ್ನೂ ಕೂಗಿದೆನಂತೆ, ಏನಂತ ಕೂಗಿದೆ ಅನ್ನುವುದು ನನಗೆ ನೆನಪಿಲ್ಲ. ಶಾಂತಕ್ಕ ಹೊಸ ಹಗ್ಗಕ್ಕೆ ಮಲ್ಲಿಗೆ ದಂಡೆ ಕಟ್ಟಿದಳು. ಆವತ್ತಿನಿಂದ ಬೀದಿಯ ಹೆಂಗಸರು ಪಾತ್ರೆಗೆ, ಬಟ್ಟೆಗೆ, ಗಿಡಕ್ಕೆ ಅಲ್ಲಿಂದಲೇ ಸೇದಲು ಶುರು ಮಾಡಿದರು. ಬಸ್ಸಿಗೆ ಕಾಯುವವರು ಬಂದು ಮುಖ ತೊಳೆದುಕೊಂಡರು.

ಇಂಜಿನಿಯರ್ ಹುಡುಗಿ ಮತ್ತೆ ಬಂದಾಗ ಅವಳ ಎದುರೇ ಸೇದಿ ಚೊಂಬಿನಲ್ಲಿ ನೀರು ಕೊಟ್ಟೆ. ಅವಳು ನೀರನ್ನೂ ನನ್ನನ್ನೂ ನೋಡಿದಳು. "ಕುಡಿಯೋಕೆ ಮೊದಲು ಪರೀಕ್ಷೆ ಮಾಡಿಸಬೇಕು ಆಂಟಿ" ಅಂದಳು.

"ಮಾಡ್ಸು. ಈಗ ಕಾಲಾದ್ರೂ ತೊಳ್ಕೊ."

ಅವಳು ಶೂ ಬಿಚ್ಚಿ ಕಾಲು ತೊಳೆದುಕೊಂಡಳು. ಆಮೇಲೆ ಬಾವಿ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ರಸ್ತೆಯ ಆ ಕಡೆ ಈ ಕಡೆ ನೋಡಿದಳು. "ನೀವು ಬಾವಿ ತೊಳೀತಿರೋ ಸುದ್ದಿ ಕೇಳಿ ಆಗಲೇ ಬರೆದು ಕೇಳಿದ್ದೆ ಆಂಟಿ. ಬಾವಿ ಬಿಡಬಹುದು ಅಂದಿದ್ದಾರೆ. ಆದ್ರೆ ರಸ್ತೆಯ ಅಗಲ ಕಡಿಮೆ ಮಾಡೋ ಹಾಗಿಲ್ಲ. ಆ ಅಗಲ ಎಲ್ಲಿಂದಾದ್ರೂ ಬರಬೇಕು. ಇಲ್ಲಿ ಸ್ವಲ್ಪ ಬಾಗಿಸಿದ್ರೆ ಎದುರುಗಡೆ ಎರಡು ಮನೆಯ ಮುಂಭಾಗ ಹೋಗುತ್ತೆ. ಅವರು ಒಪ್ಪಿ ಬರೆದುಕೊಟ್ರೆ ಆಗುತ್ತೆ. ಯಾರ ಮನೆ ಅವು?"

ನಾನು ತಿರುಗಿ ನೋಡಿದೆ. ಜಗುಲಿಯ ಮೇಲೆ ನನ್ನ ಹಪ್ಪಳ ಒಣಗುತ್ತಿತ್ತು. ಪಕ್ಕದಲ್ಲಿ ಶಾಂತಕ್ಕನ ಹೂವಿನ ತಗಡು.

"ಒಂದು ನಮ್ಮದೇ" ಅಂದೆ.

ಅವತ್ತು ಊಟಕ್ಕೆ ಕೂತಾಗ ನಮ್ಮನೆಯವರಿಗೆ ಹೇಳಿದೆ. ಅವರು ಅನ್ನ ಕಲಸುವುದು ನಿಲ್ಲಿಸಿದರು. "ಅಪ್ಪ ಕೂತ ಜಗುಲಿ ಕಣೇ ಅದು. ಅವರ ಜೀವ ಹೋಗಿದ್ದೂ ಅಲ್ಲೇ."

"ಗೊತ್ತು ರೀ. ಅವರ ಬಾಯಿಗೆ ಕೊನೆಗೆ ಬಿಟ್ಟ ನೀರು ಆ ಬಾವಿದೇ."

ಅವರು ಊಟ ಮುಗಿಸಿ ಜಗುಲಿಯ ಮೇಲೆ ಹೋಗಿ ಕೂತರು. ನಾನು ಪಾತ್ರೆ ತೊಳೆಯುತ್ತಾ ಕಿಟಕಿಯಿಂದ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಎದ್ದು ಹೆಜ್ಜೆಯಲ್ಲಿ ಅಳೆದು ನೋಡಿದರು, ಬಾಗಿಲಿಗೂ ಅಂಚಿಗೂ ನಡುವೆ. ಒಳಗೆ ಬಂದು, "ಬಾಗಿಲು ಉಳಿಯುತ್ತೆ, ಬಿಡು" ಅಂದರು. ಬಾಗಿಲು ಉಳಿಯಿತಲ್ಲ, ಅದೂ ಒಂದು ಕೃಪೆ ಅಂದುಕೊಂಡೆ.

ಸಂಜೆ ವಿಷಯ ಹೇಳಿದಾಗ ಶಾಂತಕ್ಕ ಮಾತ್ರ ಹರಿಹಾಯ್ದಳು. ಅದರಲ್ಲಿ ತಪ್ಪೇನೂ ಇರಲಿಲ್ಲ.

"ನಿನ್ನ ಹರಕೆಗೆ ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀಯೇ? ನಿನಗೆ ಸೊಸೈಟಿ ಸಂಬಳ ಬರುತ್ತೆ. ನನಗೆ ಈ ತಗಡು ಬಿಟ್ರೆ ಇನ್ನೇನಿದೆ? ಮುಂಭಾಗ ಹೋದ್ರೆ ನನಗುಳಿಯೋದು ಮಲಗೋ ಕೋಣೆ. ಹೂವು ಮಂಚದ ಮೇಲಿಟ್ಟು ಮಾರ್ಲಾ?"

"ನಮ್ಮ ಮುಂದಿನ ಕೋಣೆ ತಗೋ ಶಾಂತಕ್ಕ."

"ಏನಂದೆ?"

"ಜಗುಲಿ ಹೋದ್ಮೇಲೆ ಆ ಕೋಣೆ ರಸ್ತೆಗೇ ಬರುತ್ತೆ. ಕಿಟಕಿ ಒಡೆದು ದೊಡ್ಡದು ಮಾಡ್ಸೋಣ. ಅಲ್ಲೇ ಅಂಗಡಿ ಇಟ್ಕೋ. ಬಾಡಿಗೆ ಗೀಡಿಗೆ ಏನೂ ಬೇಡ, ದಿನಾ ದೇವರಿಗೆ ಒಂದು ಮೊಳ ಹೂವು ಕೊಡು."

"ನಿನ್ನ ಗಂಡ ಏನಂತಾರೆ?"

"ಇನ್ನೂ ಕೇಳಿಲ್ಲ. ಇವತ್ತು ಜಗುಲಿ ಕೊಟ್ಟಿದ್ದಾರೆ, ಒಂದೇ ದಿನ ಎರಡೆರಡು ಕೇಳೋದು ಬೇಡ ಅಂತ."

ಅವಳು ನಗು ತಡೆದುಕೊಂಡಳು. ಒಪ್ಪದೆಯೇ ಎದ್ದು ಹೋದಳು. ಎರಡು ದಿನ ಅವಳ ಬಾಗಿಲು ನನ್ನನ್ನು ಕಂಡರೆ ಮುಚ್ಚಿಕೊಳ್ಳುತ್ತಿತ್ತು. ಸುಮಾ ನನ್ನ ಹತ್ತಿರ ಬಂದು, "ಅಮ್ಮಾ, ನನ್ನ ಮಗುವಿನ ಹೆಸರಲ್ಲಿ ಯಾರ ಕಣ್ಣೀರೂ ಬೇಡ. ಬಿಟ್ಟುಬಿಡು" ಅಂದಳು. ನನಗೂ ಹಾಗೇ ಅನ್ನಿಸಿತು. ಆದರೆ ಹಿಂದೊಮ್ಮೆ ಬಂದಳಿಕೆಯ ಹಳೇ ಗುಡಿ ನೋಡಲು ಹೋದಾಗ ಕಂಡದ್ದು ತಲೆಯಲ್ಲಿ ಸುತ್ತುತ್ತಿತ್ತು. ಅಲ್ಲೊಂದು ಕಾಲದಲ್ಲಿ ಎಂಥ ದೊಡ್ಡ ಊರಿತ್ತಂತೆ. ಈಗ ಕಂಬ ಇದೆ, ಕಲ್ಲಿನ ಶಾಸನ ಇದೆ, ಕಾವಲಿನವರಿದ್ದಾರೆ, ಬೆಳಿಗ್ಗೆ ಎದ್ದು ರಂಗೋಲಿ ಹಾಕುವವರಿಲ್ಲ. ಊರು ದೊಡ್ಡದಾಗುವುದು ಬೇರೆ, ಉಳಿಯುವುದು ಬೇರೆ. ಉಳಿಯಬೇಕಾದರೆ ದಿನಾ ಯಾರಾದರೂ ಒಬ್ಬರು ಒಂದು ಕೊಡ ನೀರಾದರೂ ಸೇದುತ್ತಿರಬೇಕು.

ಮೂರನೆಯ ದಿನ ಬೆಳಿಗ್ಗೆ ಶಾಂತಕ್ಕ ನಮ್ಮ ಮುಂದಿನ ಕೋಣೆಗೆ ನೇರ ಬಂದಳು. ಸೊಂಟಕ್ಕೆ ಕೈಯಿಟ್ಟು ಸುತ್ತ ನೋಡಿದಳು. "ಕತ್ತಲೆ ಜಾಸ್ತಿ. ಹೂವಿಗೆ ಒಳ್ಳೇದೇ, ಬಾಡಲ್ಲ. ಆದ್ರೆ ನಿನ್ನ ಗಂಡ ಇಲ್ಲಿ ಬೀಡಿ ಸೇದಬಾರದು, ಹೇಳಿಡು."

"ಅವರು ಬೀಡಿ ಬಿಟ್ಟು ಎಷ್ಟೋ ವರ್ಷ ಆಯ್ತಲ್ಲೇ."

"ಮತ್ತೆ ಶುರು ಮಾಡ್ಕೋಬಾರದು ಅಂತ ಹೇಳಿದೆ" ಅಂದು ಅಲ್ಲೇ ಕೂತು ಹೂವು ಕಟ್ಟಲು ಶುರು ಮಾಡಿದಳು. ಕೋಣೆಯ ವಿಷಯಕ್ಕೆ ನಮ್ಮನೆಯವರೂ ಹೂಂ ಅಂದರು, ಎರಡೂ ಮನೆಯವರು ಒಪ್ಪಿ ಸಹಿ ಹಾಕಿದೆವು.

ಜಗುಲಿ ಒಡೆಯುವ ದಿನ ನಾನು ಹೊರಗೆ ಬರುವುದಿಲ್ಲ ಅಂದುಕೊಂಡಿದ್ದೆ, ಬಂದೆ. ಚಪ್ಪಡಿಗಳಿಗೆ ಅರಿಶಿನ ಕುಂಕುಮ ಹಚ್ಚಿದೆ. ಮಣ್ಣೆಬ್ಬಿಸುವ ಯಂತ್ರ ಬಾಯಿ ತೆರೆದು ಬಂತು. ನಮ್ಮನೆಯವರು ಹೋಗಿ ಅದನ್ನು ನಿಲ್ಲಿಸಿ, ಮಾವ ಕೂತು ಕೂತು ನುಣುಪಾದ ಚಪ್ಪಡಿಯೊಂದನ್ನು ತೋರಿಸಿ, "ಇದೊಂದು ಮುರೀಬೇಡಪ್ಪ, ಎತ್ತಿ ಬಾವಿ ಹತ್ತಿರ ಇಡು" ಅಂದರು. ಯಾರ ಹತ್ತಿರವೂ ಏನೂ ಕೇಳದ ಮನುಷ್ಯ. ಯಂತ್ರ ಓಡಿಸುವವನು ತಲೆಯಾಡಿಸಿ ಅದನ್ನು ಮಗುವನ್ನು ಎತ್ತುವ ಹಾಗೆ ಎತ್ತಿ ಬಾವಿಯ ಪಕ್ಕ ಇಟ್ಟ. ಈಗ ಬಸ್ಸಿಗೆ ಕಾಯುವವರು ಅದರ ಮೇಲೆ ಕೂರುತ್ತಾರೆ. ನಮ್ಮ ಬೀದಿಯ ಹಪ್ಪಳವೂ ಈಗ ಅಲ್ಲೇ ಒಣಗುತ್ತದೆ.

ರಸ್ತೆಗೆ ಇನ್ನೂ ಡಾಂಬರು ಬಿದ್ದಿರಲಿಲ್ಲ, ಜಲ್ಲಿ ಹಾಸಿ ಬಿಟ್ಟಿದ್ದರು. ಮೊದಲ ಮಳೆ ಬಿದ್ದ ಬೆಳಿಗ್ಗೆ ಸುಮಾಗೆ ನೋವು ಬಂತು. ಕಾರು ಮನೆಯೆದುರು ಬರುವ ಹೊತ್ತಿಗೆ ಆ ಕಡೆಯಿಂದ ಲಾರಿ, ಈ ಕಡೆಯಿಂದ ಟ್ರ್ಯಾಕ್ಟರು. ಡ್ರೈವರು ಸುಮ್ಮನೆ ಚಕ್ರ ಈಚೆಗೆ ತಿರುಗಿಸಿದ. ಜಗುಲಿಯಿದ್ದ ಜಾಗದ ಮೇಲೆಯೇ ಕಾರು ಹಾದು ಮುಂದೆ ಹೋಯಿತು. ಸುಮಾ ನನ್ನ ಕೈ ಹಿಡಿದುಕೊಂಡು, "ಅಮ್ಮಾ, ನಾವೀಗ ತಾತನ ಜಾಗದ ಮೇಲೆ ಹೋದ್ವಿ" ಅಂದಳು. ನಮ್ಮನೆಯವರು ಮುಂದಿನ ಸೀಟಿನಲ್ಲಿ ಹಿಂದೆ ತಿರುಗಿ ನೋಡಲಿಲ್ಲ. ಅವರ ಭುಜ ಮಾತ್ರ ಅಲುಗಿತು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಜೋರಾಗಿ ಅತ್ತಿತು. ಅಂಥ ಅಳು ಕೇಳಿ ನಗುವುದು ಎಷ್ಟು ದೊಡ್ಡ ಪುಣ್ಯ ಅನ್ನುವುದು ಒಮ್ಮೆ ಕೇಳದೇ ಹೋದವರಿಗೆ ಮಾತ್ರ ಗೊತ್ತು.

ಗಂಗೆ ಪೂಜೆಯ ದಿನ ಮಳೆ ಸ್ವಲ್ಪ ನಿಂತು ಹೊಳವು ಕೊಟ್ಟಿತು. ಆ ಹೊತ್ತಿಗೆ ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದರು, ಸೇದಲು ಒಂದು ಬಾಗಿಲು ಬಿಟ್ಟು. ಬಾವಿಯ ಮುಂದೆ ರಸ್ತೆ ಸ್ವಲ್ಪ ಬಾಗುತ್ತದೆ. ಹೊಸಬರು ಯಾಕೆ ಇಲ್ಲಿ ತಿರುವು ಅಂತ ಕೇಳುತ್ತಾರೆ. ಶಾಂತಕ್ಕ ನಮ್ಮ ಮುಂದಿನ ಕೋಣೆಯಿಂದಲೇ ಬುಟ್ಟಿ ತುಂಬಾ ಹೂವು ತಂದಳು, ಅವತ್ತು ಮೊಳದ ಲೆಕ್ಕ ಇಟ್ಟಿರಲಿಲ್ಲ. ಗೌರಜ್ಜಿ ಆ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಬೆಳಗಿ ತಂದಿದ್ದರು. "ಓರಗಿತ್ತಿ ಹೆಸರಿನಾಗ ಒಂದು ಚೊಂಬು ನಾನೂ ಸೇದ್ತೀನಿ" ಅಂದರು. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಯಾರಂತ ಗೊತ್ತಿಲ್ಲದಿದ್ದರೂ ಬಂದು ಆರತಿಗೆ ನಿಂತರು.

ಸುಮಾ ಮಗುವನ್ನು ನನ್ನ ತೋಳಿಗೆ ಕೊಟ್ಟು ಹಗ್ಗ ಹಿಡಿದಳು. ಅಭ್ಯಾಸವಿಲ್ಲದ ಕೈ, ಕೊಡ ಗೋಡೆಗೆ ಬಡಿಯಿತು. "ಮೆಲ್ಲಗೆ ಕಣೇ, ಬಸ್ಸೇನೂ ಹೋಗ್ತಿಲ್ಲ" ಅಂತ ಶಾಂತಕ್ಕ ಕೂಗಿದಳು. ಕೊಡ ಮೇಲೆ ಬಂತು. ನಾನು ಮಗುವನ್ನು ಜಾಲರಿಯ ಹತ್ತಿರ ಬಾಗಿಸಿ ತೋರಿಸಿದೆ. ಅತ್ತೆ ಹೇಳಿದ ಮಾತು ಹೇಳಬೇಕು ಅಂದುಕೊಂಡಿದ್ದೆ, ಅಷ್ಟರಲ್ಲಿ ಸುಮಾನೇ ಹೇಳಿದಳು. "ನೋಡು ಪುಟ್ಟಿ, ನಿನ್ನ ಊರು ಇಲ್ಲಿಂದ ಶುರು."

ಅವಳು ಕೊಡ ಸೊಂಟಕ್ಕಿಟ್ಟುಕೊಂಡು ರಸ್ತೆ ದಾಟಿದಳು. ಎರಡೂ ಕಡೆ ಗಾಡಿಗಳು ನಿಂತವು.

ನಾನು ಹಿತ್ತಲಿಗೆ ಹೋಗಿ, ಹರಕೆಯ ಹಾಗೆ ಮಗುವನ್ನು ಮೀಯಿಸಲು ಆ ಕೊಡದ ನೀರನ್ನು ಬಚ್ಚಲ ಹಂಡೆಗೆ ಸುರಿದು ಒಲೆ ಹಚ್ಚಿದೆ. ಮಳೆಗೆ ಸೌದೆ ಸ್ವಲ್ಪ ಹಸಿಯಾಗಿತ್ತು, ಹಿಡಿಯಲು ಹೊತ್ತು ಬೇಕಾಯಿತು. ಒಳಗೆ ಮಗು ಅಳಲು ಶುರು ಮಾಡಿತು. ಮುಚ್ಚಳ ಸರಿಸಿ ಕೈಯದ್ದಿ ನೋಡಿದೆ, ಇನ್ನೂ ಕಾದಿರಲಿಲ್ಲ. ಇನ್ನೊಂದು ಸೌದೆ ಒಳಗೆ ತಳ್ಳಿದೆ.